ಬಾಗಿಲು ಬಡಿಯುವ ಸಿತಾರ್: ಇಂಗ್ಲಿಷ್ ಜಾನಪದದ ಮನೆಯೊಳಗೆ ಭಾರತೀಯ ಸಂಗೀತ

ಆಲಿಕಲ್ಲು ಮಳೆ ಸುರಿಯುವ ಒಂದು ಚಳಿರಾತ್ರಿ. ಸೈನಿಕನೊಬ್ಬ ಹುಡುಗಿಯ ಮನೆ ಬಾಗಿಲಲ್ಲಿ ನಿಂತು ‘ಒಳಗೆ ಬಿಡು’ ಎಂದು ಬೇಡುತ್ತಾನೆ. ಅವಳು ಮೊದಲು ಒಲ್ಲೆನೆನ್ನುತ್ತಾಳೆ, ಆಮೇಲೆ ಮನಸ್ಸು ಕರಗಿ ಅಗುಳಿ ತೆಗೆಯುತ್ತಾಳೆ. ‘ಕೋಲ್ಡ್ ಹೇಲಿ ರೇನಿ ನೈಟ್’ ಎಂಬ ಈ ಹಾಡು ಬ್ರಿಟನ್ನಿನ ಜಾನಪದ ಗಾಯಕರಿಗೆ ಹೊಸದೇನಲ್ಲ. 1971ರಲ್ಲಿ ಸ್ಟೀಲೈ ಸ್ಪ್ಯಾನ್ ತಂಡ ಇದನ್ನು ಎಲೆಕ್ಟ್ರಿಕ್ ಗಿಟಾರುಗಳೊಂದಿಗೆ ಧ್ವನಿಮುದ್ರಿಸಿದಾಗ ಆ ತಂಡದಲ್ಲಿ ಇಂಗ್ಲಿಷ್ ಜಾನಪದ ಗಾಯಕ, ಗಿಟಾರ್ ವಾದಕ ಮಾರ್ಟಿನ್ ಕಾರ್ಥಿ ಇದ್ದರು. 36 ವರ್ಷ ಕಳೆದು 2007ರಲ್ಲಿ ‘ದಿ ಇಮ್ಯಾಜಿನ್ಡ್ ವಿಲೇಜ್’ ಎಂಬ ತಂಡದ ಮೊದಲ ಆಲ್ಬಂನಲ್ಲಿ ಅದೇ ಹಾಡು ಮತ್ತೆ ಬಂದಿತು. ಈ ಸಲ ಪಿಟೀಲಿನ ಪಕ್ಕದಲ್ಲಿ ಸಿತಾರ್ ಇತ್ತು, ಢೋಲ್ ಇತ್ತು. ಮರುವರ್ಷ ಬಿಬಿಸಿ ರೇಡಿಯೊ 2ರ ಜಾನಪದ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಸಾಂಪ್ರದಾಯಿಕ ಹಾಡು ಎಂಬ ಗೌರವ ಸಿಕ್ಕಿದ್ದು ಈ ಧ್ವನಿಮುದ್ರಣಕ್ಕೇ.

ಪ್ರಶಸ್ತಿಯ ಹೆಸರಿನಲ್ಲಿರುವ ‘ಸಾಂಪ್ರದಾಯಿಕ’ ಎಂಬ ಮಾತನ್ನು ಗಮನಿಸಬೇಕು. ಸಿತಾರ್ ಮತ್ತು ಢೋಲ್ ಕೂಡಿದ ಹಾಡನ್ನು ಪ್ರಯೋಗವೆಂದೋ ಫ್ಯೂಷನ್ ಎಂದೋ ಪಕ್ಕಕ್ಕಿಡದೆ, ಇಂಗ್ಲೆಂಡಿನ ಪರಂಪರೆಯ ಹಾಡು ಎಂದೇ ಆ ದೇಶದ ಜಾನಪದ ವಲಯ ಒಪ್ಪಿಕೊಂಡಿತು. ಆ ಒಪ್ಪಿಗೆ ಎಷ್ಟು ಆಳಕ್ಕೆ ಇಳಿದಿದೆ, ಸಂಗೀತದ ಮಟ್ಟಿಗೆ ಅದು ನಿಜವಾದ ಕೂಡಿಕೆಯೋ ಮೇಲ್ಮೇಲಿನ ಅಲಂಕಾರವೋ ಎಂಬ ಪ್ರಶ್ನೆ, ಇಂಗ್ಲೆಂಡಿನವರು ಯಾರು ಎಂಬ ಜಗಳ ಬೀದಿಗೆ ಬಂದಿರುವ ಈ ದಿನಗಳಲ್ಲಿ ಮತ್ತೆ ಮುಖ್ಯವಾಗಿದೆ.

ತಂಡವನ್ನು ಕಟ್ಟಿದವರು ಆಫ್ರೋ ಕೆಲ್ಟ್ ಸೌಂಡ್ ಸಿಸ್ಟಂ ತಂಡದ ಸೈಮನ್ ಎಮರ್ಸನ್. ಮಾರ್ಟಿನ್ ಕಾರ್ಥಿ, ಅವರ ಮಗಳು ಎಲೈಜಾ ಕಾರ್ಥಿ, ಕ್ರಿಸ್ ವುಡ್, ಬಿಲ್ಲಿ ಬ್ರ್ಯಾಗ್, ಕವಿ ಬೆಂಜಮಿನ್ ಝೆಫಾನಿಯಾ ಇವರೆಲ್ಲ ಮೊದಲ ಆಲ್ಬಂನಲ್ಲಿ ಇದ್ದರು. (ಎಮರ್ಸನ್ ಮತ್ತು ಝೆಫಾನಿಯಾ ಇಬ್ಬರೂ 2023ರಲ್ಲಿ ತೀರಿಕೊಂಡರು.) ಸಿತಾರ್ ನುಡಿಸಿದ ಶೀಮಾ ಮುಖರ್ಜಿ ತಮ್ಮ ಸೋದರಮಾವ ಪಂಡಿತ್ ನಿಖಿಲ್ ಬ್ಯಾನರ್ಜಿಯವರ ಬಳಿ ಕಲಿತವರು, ಅಂದರೆ ಮೈಹರ್ ಘರಾನೆ ಎಂಬ ಹಿಂದೂಸ್ತಾನಿ ಗುರುಪರಂಪರೆಯ ನೇರ ಕೊಂಡಿ; ಜೊತೆಗೆ ಲಂಡನ್ನಿನ ಟ್ರಾನ್ಸ್‌ಗ್ಲೋಬಲ್ ಅಂಡರ್‌ಗ್ರೌಂಡ್ ತಂಡದಲ್ಲೂ ನುಡಿಸಿದವರು. ಢೋಲ್ ಬಾರಿಸುವ ಜಾನಿ ಕಾಲ್ಸಿ ಬ್ರಿಟನ್ನಿನ ಪಂಜಾಬಿ. ಹಾಡುಗಾರ್ತಿ ಶೀಲಾ ಚಂದ್ರ ದಕ್ಷಿಣ ಭಾರತ ಮೂಲದ ಕುಟುಂಬದ ಮಗಳಾಗಿ ಲಂಡನ್ನಿನಲ್ಲೇ ಹುಟ್ಟಿದವರು. ಇವರಲ್ಲಿ ಯಾರೂ ಭಾರತದಿಂದ ವೀಸಾ ಪಡೆದು ವಿಮಾನ ಹತ್ತಿ ಬಂದ ಅತಿಥಿ ಕಲಾವಿದರಲ್ಲ. ತಂಡದ ವಾದವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಪೂರ್ವ ಪಶ್ಚಿಮಗಳ ಮಿಲನ ಎಂಬ ಸವಕಲು ಮಾತು ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಕೂಡಿದವರು ಎರಡು ದೇಶದವರಲ್ಲ, ಒಂದೇ ಊರಿನ ಅಕ್ಕಪಕ್ಕದ ಬೀದಿಯವರು. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಭಾರತೀಯ ಮೂಲದವರೆಂದು ಗುರುತಿಸಿಕೊಂಡವರು ಸುಮಾರು 18.6 ಲಕ್ಷ, ಒಟ್ಟು ಜನಸಂಖ್ಯೆಯ ಶೇ 3.1ರಷ್ಟು. ಇಷ್ಟು ಜನರ ಮನೆಯಲ್ಲಿ ಕೇಳಿಬರುವ ಸಂಗೀತ ಆ ನಾಡಿನ ಜಾನಪದವಾಗಲು ಇನ್ನೆಷ್ಟು ತಲೆಮಾರು ಕಾಯಬೇಕು ಎಂಬುದೇ ಎಮರ್ಸನ್ನರ ಪ್ರಶ್ನೆಯಾಗಿತ್ತು ಎನ್ನಬಹುದು.

ತಂಡದ ಹೆಸರು ಬಂದದ್ದು ಜಾರ್ಜಿನಾ ಬಾಯ್ಸ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಇಂಗ್ಲಿಷ್ ಜಾನಪದವೆಂದು ನಾವು ಕೇಳುವುದರಲ್ಲಿ ಬಹುಪಾಲು 20ನೆಯ ಶತಮಾನದ ಆರಂಭದ ವಿದ್ಯಾವಂತ ಮಧ್ಯಮವರ್ಗದವರು ಮನಸ್ಸಿನಲ್ಲಿ ಕಟ್ಟಿಕೊಂಡ ಹಳ್ಳಿಯದ್ದು ಎಂಬುದು ಆ ಪುಸ್ತಕದ ತಿರುಳು. ಇದಕ್ಕೆ ಒಂದು ದೃಶ್ಯ ಸಾಕು. 1903ರ ಆಗಸ್ಟ್‌ನಲ್ಲಿ ಸೋಮರ್‌ಸೆಟ್ ಪ್ರಾಂತದ ಹ್ಯಾಂಬ್ರಿಜ್ ಎಂಬ ಹಳ್ಳಿಯ ಪಾದ್ರಿಯ ಮನೆಯಲ್ಲಿ ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ತಂಗಿದ್ದರು. ತೋಟದಲ್ಲಿ ಕೆಲಸ ಮಾಡುತ್ತಿದ್ದ ತೋಟಗಾರ ತನ್ನ ಪಾಡಿಗೆ ತಾನು ಒಂದು ಹಾಡು ಗುನುಗುತ್ತಿದ್ದ. ಅವನ ಹೆಸರು ಜಾನ್ ಇಂಗ್ಲೆಂಡ್. ಕತೆಗಾರನೊಬ್ಬ ಈ ಹೆಸರನ್ನು ಇಟ್ಟಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಶಾರ್ಪ್ ಹಾಡನ್ನು ಬರೆದುಕೊಂಡರು, ಮತ್ತು ಅದೇ ಸಂಜೆ ಅದಕ್ಕೆ ಪಿಯಾನೋ ಜೊತೆಗೂಡಿಸಿ ಬೇರೊಬ್ಬರಿಂದ ಹಾಡಿಸಿದರು. ಇಂಗ್ಲಿಷ್ ಜನಪದ ಗೀತೆಗಳ ಸಂಗ್ರಹ ಚಳವಳಿ ಬಿರುಸಾಗುವುದು ಇಲ್ಲಿಂದ.

ಒಂಟಿ ಕಂಠದಲ್ಲಿ, ಯಾವ ಪಕ್ಕವಾದ್ಯವೂ ಇಲ್ಲದೆ ತೋಟದಲ್ಲಿ ಹಾಡುತ್ತಿದ್ದ ಧಾಟಿಗೆ ಒಂದೇ ದಿನದಲ್ಲಿ ಪಿಯಾನೋದ ಸ್ವರಮೇಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ, ಅಂಟಿಕೊಂಡಿತು. ಇಂಗ್ಲೆಂಡಿನ ಹಳೆಯ ಹಾಡುಗಾರರು ಹೆಚ್ಚಾಗಿ ಹಾಗೆ ಬರಿದನಿಯಲ್ಲೇ ಹಾಡುತ್ತಿದ್ದವರು. ಜಾನಪದ ಗಾಯಕ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಗಿಟಾರು ಆ ಹಾಡುಗಳ ಮಡಿಲಿಗೆ ಬಂದದ್ದು ಬಹುಮಟ್ಟಿಗೆ 1950ರ ದಶಕದ ನಂತರ. ಹೀಗಿರುವಾಗ ಸಿತಾರ್ ಹೊರಗಿನದು, ಗಿಟಾರು ಒಳಗಿನದು ಎಂಬ ವಾದಕ್ಕೆ ಇತಿಹಾಸದ ಬೆಂಬಲವಿಲ್ಲ. ಎರಡೂ ಬಂದವೇ, ಒಂದು ಹತ್ತು ಹದಿನೈದು ವರ್ಷ ಮುಂಚೆ ಬಂದಿತು, ಅಷ್ಟೆ.

ಇನ್ನೊಂದು ಬದಿಯ ಕತೆಯೂ ಬೇರೆಯಲ್ಲ. ಶಾರ್ಪ್ ಹಳ್ಳಿ ಹಳ್ಳಿ ತಿರುಗುತ್ತಿದ್ದ ಅದೇ ವರ್ಷಗಳಲ್ಲಿ ಮುಂಬಯಿಯ ವಕೀಲ ವಿಷ್ಣು ನಾರಾಯಣ ಭಾತಖಂಡೆ ಉಸ್ತಾದರ ಮನೆ ಮನೆ ತಿರುಗಿ ಬಂದಿಶುಗಳನ್ನು, ಅಂದರೆ ಹಿಂದೂಸ್ತಾನಿ ಕೃತಿಗಳನ್ನು, ಸಂಗ್ರಹಿಸುತ್ತಿದ್ದರು. 1904ರಲ್ಲಿ ದಕ್ಷಿಣಕ್ಕೆ ಬಂದು ರಾಗಗಳನ್ನು ಗುಂಪುಗೂಡಿಸುವ ನಮ್ಮ ಮೇಳಕರ್ತ ಪದ್ಧತಿಯನ್ನು ಅಭ್ಯಾಸ ಮಾಡಿ, ಅದರ ಪ್ರೇರಣೆಯಿಂದ ಹಿಂದೂಸ್ತಾನಿ ರಾಗಗಳನ್ನು 10 ಥಾಟುಗಳಲ್ಲಿ, ಅಂದರೆ ಮೂಲ ಸ್ವರವರ್ಗಗಳಲ್ಲಿ, ಹಂಚಿದರು. ಇಂಗ್ಲೆಂಡಿನಲ್ಲಿ ಶಾರ್ಪ್ ಹಾಡುಗಳನ್ನು ಡೋರಿಯನ್, ಮಿಕ್ಸೊಲಿಡಿಯನ್ ಎಂಬ ಪ್ರಾಚೀನ ಸ್ವರವಿನ್ಯಾಸಗಳ ಹೆಸರಿನಲ್ಲಿ ವಿಂಗಡಿಸುತ್ತಿದ್ದರೆ ಇಲ್ಲಿ ಭಾತಖಂಡೆ ಕಾಫಿ, ಖಮಾಜ್ ಎಂದು ವಿಂಗಡಿಸುತ್ತಿದ್ದರು. ಅಂದರೆ ಇಂದು ಒಂದೇ ವೇದಿಕೆಯಲ್ಲಿ ಕೂಡುವ ‘ಇಂಗ್ಲಿಷ್ ಜಾನಪದ’ ಮತ್ತು ‘ಭಾರತೀಯ ಶಾಸ್ತ್ರೀಯ’ ಎಂಬ ಎರಡೂ ಹಣೆಪಟ್ಟಿಗಳು, ಈಗಿನ ಅರ್ಥದಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಬಗೆಯ ವಿದ್ಯಾವಂತರ ಕೈಯಲ್ಲಿ, ರಾಷ್ಟ್ರಕ್ಕೊಂದು ಶುದ್ಧ ಸಂಗೀತ ಬೇಕೆಂಬ ಒಂದೇ ಹಂಬಲದಿಂದ ಗಟ್ಟಿಯಾದವು. ಇಷ್ಟು ಹೇಳಿದ ಮಾತ್ರಕ್ಕೆ ಎರಡರ ಒಳಗಿನ ಸಂಗೀತವೂ ಕಟ್ಟುಕತೆ ಎಂದಾಗುವುದಿಲ್ಲ. ಗೋಡೆ ಎಬ್ಬಿಸಿದ್ದು ಯಾವಾಗ ಎಂದು ಗೊತ್ತಾಗುತ್ತದೆ, ಅಷ್ಟು ಮಾತ್ರ.

ಇನ್ನು ಸ್ವರಗಳ ವಿಚಾರಕ್ಕೆ ಬರೋಣ. ಮನೆಯಲ್ಲಿ ಶ್ರುತಿ ಪೆಟ್ಟಿಗೆ ಇದ್ದವರು ಅಥವಾ ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಇಟ್ಟುಕೊಂಡವರು ಒಂದು ಪ್ರಯೋಗ ಮಾಡಿ ನೋಡಬಹುದು. ‘ಸ್ಕಾರ್ಬರೊ ಫೇರ್’ ಹಾಡು ಬಹಳ ಮಂದಿಗೆ ಗೊತ್ತು. ಲಂಡನ್ನಿನಲ್ಲಿ ಮಾರ್ಟಿನ್ ಕಾರ್ಥಿಯವರಿಂದ ಅದನ್ನು ಕಲಿತ ಪಾಲ್ ಸೈಮನ್ ಅದನ್ನು ಜಗತ್ತಿಗೆಲ್ಲ ಮುಟ್ಟಿಸಿದರು. ಅದರ ಮೊದಲ ಸಾಲು ಷಡ್ಜದಲ್ಲಿ ನಿಂತು ಪಂಚಮಕ್ಕೆ ಹಾರಿ, ‘ರಿ ಗ ರಿ ಸ’ ಎಂದು ಇಳಿದು ಬರುತ್ತದೆ. ಸೊಪ್ಪುಗಳ ಹೆಸರು ಬರುವ ಎರಡನೆಯ ಸಾಲು ‘ಪ ನಿ ಸ ನಿ ಪ ಧ ಮ ಪ’ ಎಂದು ಹೊರಡುತ್ತದೆ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ: ಇದು ಖರಹರಪ್ರಿಯದ ಸ್ವರಸಂಚಯ, ಹಿಂದೂಸ್ತಾನಿಯಲ್ಲಿ ಕಾಫಿ ಥಾಟ್, ಶಾರ್ಪ್ ಹೇಳಿದ ಡೋರಿಯನ್. ತಂಬೂರಿಯ ಮೇಲೆ ಹಾಡಿದರೆ ಹಾಡು ಎಲ್ಲಿಯೂ ಮುರಿಯುವುದಿಲ್ಲ. ಗಿಟಾರಿನ ಸ್ವರಮೇಳಗಳ ಮೇಲೆ ಹಾಡುವುದಕ್ಕಿಂತ ಹೆಚ್ಚು ಸಹಜವಾಗಿ ಕೂರುತ್ತದೆ ಎಂದು ನನ್ನ ಕಿವಿಗೆ ಅನ್ನಿಸುತ್ತದೆ.

ತೊಡಕು ಶುರುವಾಗುವುದು ಆ ಗಾಂಧಾರದಲ್ಲಿ. ಕರ್ನಾಟಕ ಪದ್ಧತಿಯಲ್ಲಿ ಕಲಿತವರು ಖರಹರಪ್ರಿಯದ ಗಾಂಧಾರವನ್ನು ಚಪ್ಪಟೆಯಾಗಿ ಹಿಡಿಯುವುದಿಲ್ಲ. ರಿಷಭ ಮಧ್ಯಮಗಳ ನಡುವೆ ತೂಗಿಸಿ ಹಾಡುತ್ತಾರೆ. ಆ ತೂಗಾಟವನ್ನು ಸ್ಕಾರ್ಬರೊ ಜಾತ್ರೆಗೆ ಒಯ್ದರೆ ಹಾಡು ಅಮಲೇರಿದಂತೆ ಓಲಾಡುತ್ತದೆ. ಬಿಟ್ಟರೆ ಅದು ಖರಹರಪ್ರಿಯವಾಗಿ ಉಳಿಯುವುದಿಲ್ಲ, ಬರಿಯ ಏಳು ಸ್ವರಗಳಾಗುತ್ತದೆ. ಇಂಗ್ಲಿಷ್ ಹಾಡುಗಾರರಿಗೂ ತಮ್ಮದೇ ಅನುಸ್ವರಗಳು, ಜಾರುಗಳು ಇವೆ, ಆದರೆ ಅವು ಮಾತಿನ ಏರಿಳಿತವನ್ನು ಹಿಂಬಾಲಿಸುತ್ತವೆಯೇ ಹೊರತು ರಾಗದ ನಿಯಮವನ್ನಲ್ಲ. ಆದ್ದರಿಂದ ಸ್ವರಗಳು ಹೊಂದುತ್ತವೆ ಎಂಬ ಸಂತೋಷ ಬಹಳ ಹೊತ್ತು ನಿಲ್ಲುವುದಿಲ್ಲ. ಯಾರು ಎಷ್ಟು ಬಗ್ಗಬೇಕು ಎಂಬ ಪ್ರಶ್ನೆ ಮೊದಲ ಸಾಲಿನಲ್ಲೇ ಎದುರಾಗುತ್ತದೆ.

ವಾದ್ಯಗಳ ಸ್ವಭಾವ ಇದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಇಂಗ್ಲಿಷ್ ನೃತ್ಯಸಂಗೀತದ ಮೆಲೋಡಿಯನ್ ನಮ್ಮ ಹಾರ್ಮೋನಿಯಂನಂತೆ ತಿದಿಯ ಗಾಳಿಯಿಂದ ನುಡಿಯುವ, ಸ್ವರಗಳು ಕಾರ್ಖಾನೆಯಲ್ಲೇ ನಿಶ್ಚಿತವಾದ ವಾದ್ಯ. ಸಿತಾರಿನ ಮೆಟ್ಟುಗಳನ್ನು ಸರಿಸಬಹುದು, ತಂತಿಯನ್ನು ಎಳೆದು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ತರಬಹುದು. ಸ್ವರ ಬದಲಿಸಲು ಬಾರದ ವಾದ್ಯ ಒಂದು ಕಡೆ, ಬದಲಿಸಬಲ್ಲ ವಾದ್ಯ ಇನ್ನೊಂದು ಕಡೆ ಇದ್ದಾಗ ಬದಲಿಸಬಲ್ಲದ್ದೇ ಹೊಂದಿಕೊಳ್ಳಬೇಕಾಗುತ್ತದೆ. ಅದೃಷ್ಟಕ್ಕೆ ಶ್ರುತಿಯ ವಿಷಯದಲ್ಲಿ ಜಗಳ ಕಡಿಮೆ: ಸಿತಾರನ್ನು ಸಾಮಾನ್ಯವಾಗಿ ಹಾರ್ಮೋನಿಯಂ ಭಾಷೆಯ ಕಪ್ಪು ಒಂದು ಅಥವಾ ಬಿಳಿ ಎರಡರ ಸುತ್ತ ಶ್ರುತಿ ಮಾಡುತ್ತಾರೆ, ಇಂಗ್ಲೆಂಡಿನ ಮೆಲೋಡಿಯನ್ನುಗಳಲ್ಲಿ ಒಂದು ಸಾಲು ಅದೇ ಬಿಳಿ ಎರಡರ, ಅಂದರೆ ಡಿ ಸ್ವರದ ಮೇಲಿರುತ್ತದೆ.

ಗಿಟಾರಿನ ಮಟ್ಟಿಗೆ ದಾರಿ ತೋರಿಸಿದವರು ಡೇವಿ ಗ್ರಹಾಂ. 1960ರ ದಶಕದ ಆರಂಭದಲ್ಲಿ ಮೊರಾಕೊದಲ್ಲಿ ಊದ್ ಎಂಬ ಅರಬ್ ತಂತಿವಾದ್ಯದ ವಾದಕರೊಂದಿಗೆ ನುಡಿಸಲು ಹೋಗಿ ಅವರು ಗಿಟಾರಿನ ಆರು ತಂತಿಗಳನ್ನು ಡಿ, ಎ, ಡಿ, ಜಿ, ಎ, ಡಿ ಎಂದು ಶ್ರುತಿ ಮಾಡಿಕೊಂಡರು. ಡಿ ಸ್ವರವನ್ನು ಷಡ್ಜವೆಂದು ಹಿಡಿದರೆ ಇದು ‘ಸ ಪ ಸ ಮ ಪ ಸ’. ಇದರಲ್ಲಿ ಗಾಂಧಾರ ಇಲ್ಲ. ಪಾಶ್ಚಾತ್ಯ ಸ್ವರಮೇಳ ಸಂತೋಷದ್ದೋ ದುಃಖದ್ದೋ ಎಂದು ತೀರ್ಮಾನಿಸುವುದು ಗಾಂಧಾರ. ಅದನ್ನು ತೆರೆದ ತಂತಿಗಳಿಂದ ಹೊರಗಿಟ್ಟರೆ ಗಿಟಾರು ತಂಬೂರಿಯಂತೆ ಬಾಗಿಲು ತೆರೆದು ಕೂರುತ್ತದೆ, ಗಾಂಧಾರವನ್ನು ಹಾಡುವವರು ತಮಗೆ ಬೇಕಾದಲ್ಲಿ ಇಡಬಹುದು. ಈ ಶ್ರುತಿಯಲ್ಲಿ ಅವರು ನುಡಿಸಿದ ಹಾಡುಗಳಿಗೆ ರಾಗದ ಛಾಯೆ ಇತ್ತು, ಮತ್ತು 1964ರಲ್ಲಿ ಗಾಯಕಿ ಶರ್ಲಿ ಕಾಲಿನ್ಸ್ ಜೊತೆ ಸೇರಿ ಅವರು ಮಾಡಿದ ಧ್ವನಿಮುದ್ರಿಕೆ ಮುಂದಿನ ತಲೆಮಾರಿನ ಗಿಟಾರ್ ವಾದಕರಿಗೆ ಪಾಠವಾಯಿತು. ರಾಕ್ ಸಂಗೀತಗಾರರು ಸಿತಾರನ್ನು ಕೊಂಡು ತರುವುದಕ್ಕೆ ಮೊದಲೇ ಜಾನಪದದವರು ತಮ್ಮ ಗಿಟಾರನ್ನೇ ಬದಲಿಸಿಕೊಂಡಿದ್ದರು. ಇವೆರಡರಲ್ಲಿ ಎರಡನೆಯದೇ ಕಷ್ಟದ ಕೆಲಸ.

ಪಿಟೀಲಿನ ಮಾತು ಬೇರೆಯೇ ಆಗಬೇಕು. ಅದು ಬಹಳ ಹಿಂದೆಯೇ ಸಮುದ್ರ ದಾಟಿ ಬಂದು ನಮ್ಮದಾದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ಮದರಾಸಿನಲ್ಲಿ ಐರೋಪ್ಯ ವಾದಕರಿಂದ ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಪಾದಕ್ಕೆ ಆನಿಸಿ, ‘ಸ ಪ ಸ ಪ’ ಎಂದು ಶ್ರುತಿ ಮಾಡುವ ಕ್ರಮ ಇಲ್ಲಿ ಬೆಳೆಯಿತು. ಸ್ಕಾಟ್ಲೆಂಡಿನ ಹಳ್ಳಿಯ ಪಿಟೀಲು ವಾದಕರು ಕೆಲವು ಮಟ್ಟುಗಳಿಗಾಗಿ ಕೆಳಗಿನ ತಂತಿಗಳನ್ನು ಏರಿಸಿಕೊಳ್ಳುವ ‘ಎ ಇ ಎ ಇ’ ಎಂಬ ಶ್ರುತಿಯೂ ಸರಿಯಾಗಿ ‘ಸ ಪ ಸ ಪ’ವೇ. ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕೋಟೆಯ ಬ್ಯಾಂಡಿನವರು ನುಡಿಸುತ್ತಿದ್ದ ಬ್ರಿಟಿಷ್ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿ ನೊಟ್ಟುಸ್ವರ ಸಾಹಿತ್ಯವೆಂಬ ಪುಟ್ಟ ಪ್ರಕಾರವನ್ನೇ ಹುಟ್ಟುಹಾಕಿದರು. ‘ಸಂತತಂ ಪಾಹಿಮಾಂ’ ಎಂದು ನಮ್ಮ ಮಕ್ಕಳು ಪಾಠದಲ್ಲಿ ಕಲಿಯುವುದು ಬ್ರಿಟನ್ನಿನ ರಾಷ್ಟ್ರಗೀತೆಯ ಮಟ್ಟು. ಇವುಗಳನ್ನು ಶಂಕರಾಭರಣದ ಸ್ವರಗಳಲ್ಲಿಟ್ಟರೂ ದೀಕ್ಷಿತರು ಗಮಕ, ಅಂದರೆ ಸ್ವರಗಳ ತೂಗಾಟ, ಹೇರಲಿಲ್ಲ. ಬಂದ ಮಟ್ಟನ್ನು ಅದರ ನೇರ ನಡೆಯಲ್ಲೇ ಉಳಿಸಿದರು. ಮುಂದೆ ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ಇಂಗ್ಲಿಷ್ ನೋಟ್, ಮಧುರೈ ಮಣಿ ಅಯ್ಯರ್ ಅವರ ಕಂಠದಲ್ಲಿ ಕಛೇರಿಗಳ ಪ್ರಿಯ ಮುಕ್ತಾಯವಾಯಿತು. ಕೂಡಿಕೆ ಪಶ್ಚಿಮದವರು 1960ರ ದಶಕದಲ್ಲಿ ಕಂಡುಹಿಡಿದ ಸಂಗತಿ ಎನ್ನುವವರಿಗೆ ಇಷ್ಟನ್ನು ನೆನಪಿಸಿದರೆ ಸಾಕು.

ಸ್ವರ, ಶ್ರುತಿಗಳಿಗಿಂತ ದೊಡ್ಡ ತೊಡಕು ಕಾಲದ್ದು. ಇಂಗ್ಲಿಷ್ ಕಥನಗೀತೆ ನಮ್ಮ ಗೋವಿನ ಹಾಡಿನಂತೆ: ಒಂದೇ ಮಟ್ಟು ನುಡಿಯಿಂದ ನುಡಿಗೆ ಮರಳಿ ಬರುತ್ತದೆ, ಮುಂದೆ ಸಾಗುವುದು ಕತೆ. ಹಾಡುವವರು ಮಟ್ಟನ್ನು ಹೆಚ್ಚು ಬೆಳೆಸಿದರೆ ಕೇಳುವವರು ಕತೆಯ ಎಳೆ ಕಳೆದುಕೊಳ್ಳುತ್ತಾರೆ. ಹುಲಿಯ ಮುಂದೆ ಪುಣ್ಯಕೋಟಿ ಬಂದು ನಿಂತಾಗ ಯಾರಿಗೂ ಸ್ವರಪ್ರಸ್ತಾರ ಬೇಕಿಲ್ಲ. ರಾಗಸಂಗೀತದ ಹಾದಿ ಇದಕ್ಕೆ ತಿರುಗುಮುರುಗು. ಅಲ್ಲಿ ಮಾತು ಒಂದೆರಡು ಸಾಲು, ಅದೇ ಮರಳಿ ಬರುತ್ತದೆ, ಮುಂದೆ ಸಾಗುವುದು ರಾಗ. ಆಲಾಪ, ಜೋಡ್, ಝಾಲಾ ಎಂಬ ಹಂತಗಳಲ್ಲಿ ಸಿತಾರ್ ತನ್ನ ಮಾತನ್ನು ಬಿಚ್ಚಿ ಹೇಳಲು ಅರ್ಧ ಗಂಟೆ ಬೇಕು. ನಾಲ್ಕೈದು ನಿಮಿಷದ ಹಾಡಿನಲ್ಲಿ ಅದಕ್ಕೆ ಸಿಗುವುದು ಎರಡು ನುಡಿಗಳ ನಡುವಿನ ಬಿಡುವು. ಆ ಬಿಡುವಿನಲ್ಲಿ ಎಂಥ ವಿದ್ವಾಂಸರು ನುಡಿಸಿದರೂ ಅದು ಕುಸುರಿ ಕೆಲಸವೇ ಆಗುತ್ತದೆ. ಇಂಥ ತಂಡಗಳ ಯಾವುದೇ ಹಾಡನ್ನು ಅಳೆಯಲು ನಾನು ಬಳಸುವ ಕೋಲು ಇದೊಂದೇ: ಭಾರತೀಯ ವಾದ್ಯವನ್ನು ತೆಗೆದುಹಾಕಿದರೆ ಹಾಡಿನ ರಚನೆ ಬದಲಾಗುತ್ತದೆಯೇ, ಅಥವಾ ಬಣ್ಣ ಮಾತ್ರ ಮಂಕಾಗುತ್ತದೆಯೇ?

ಈ ಕೋಲಿಗೆ ಇಮ್ಯಾಜಿನ್ಡ್ ವಿಲೇಜಿನ ಎಲ್ಲ ಹಾಡುಗಳೂ ನಿಲ್ಲುವುದಿಲ್ಲ. ಮೊದಲ ಆಲ್ಬಂನಲ್ಲಿ ಢೋಲಿನ ಪಾತ್ರ ಸಿತಾರಿಗಿಂತ ಗಟ್ಟಿಯಾಗಿದೆ, ಏಕೆಂದರೆ ಢೋಲ್ ಸ್ವತಃ ಕುಣಿತದ ವಾದ್ಯ, ಇಂಗ್ಲಿಷ್ ನೃತ್ಯದ ನಡೆಗೆ ಅದು ಹೆಗಲು ಕೊಡಬಲ್ಲದು. ಜಾನಪದಕ್ಕೆ ಜಾನಪದ ಬೇಗ ಹೊಂದುತ್ತದೆ. 2010ರಲ್ಲಿ ಲಾರಾ ಮಾರ್ಲಿಂಗ್ ಮತ್ತು ಮಮ್‌ಫರ್ಡ್ ಅಂಡ್ ಸನ್ಸ್ ತಂಡ ರಾಜಸ್ಥಾನದ ಧರೋಹರ್ ಕಲಾವಿದರೊಂದಿಗೆ ದೆಹಲಿಯಲ್ಲಿ ಧ್ವನಿಮುದ್ರಿಸಿ ಹೊರತಂದ ಹಾಡುಗಳಲ್ಲಿ ಎರಡು ಬದಿಯ ಹಾಡುಗಳನ್ನು ಪಕ್ಕಪಕ್ಕ ಹೆಣೆದದ್ದು ಕೇಳಲು ಸಲೀಸಾಗಿದೆ. ಅದೇ ವರ್ಷ ನಮ್ಮ ರಘು ದೀಕ್ಷಿತ್ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿ ಬ್ರಿಟಿಷ್ ಶ್ರೋತೃಗಳ ಮನ ಗೆದ್ದರು. ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಕೂರಿಸುವ ಅವರ ಕ್ರಮಕ್ಕೆ ಆ ನಾಡಿನ ಜಾನಪದ ರಸಿಕರು ಬೇಗ ಸ್ಪಂದಿಸಿದ್ದಕ್ಕೆ ಕಾರಣವೂ ಇದೇ ಇರಬೇಕು. ಶಾಸ್ತ್ರೀಯದೊಂದಿಗಿನ ವ್ಯವಹಾರ ನಿಧಾನದ್ದು. ಆದರೂ ಬ್ರಿಟನ್ನಿನವರು ಭಾರತ ಎಂದೊಡನೆ ಸಿತಾರನ್ನೇ ಹುಡುಕುತ್ತಾರೆ. ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ನರ ಸ್ನೇಹ ಅಲ್ಲಿನ ಕಿವಿಗಳಲ್ಲಿ ಕೊರೆದ ಗುರುತು ಅದು. ಕಂಸಾಳೆಯೋ ಏಕತಾರಿಯೋ ಅವರಿಗೆ ಇನ್ನೂ ‘ಭಾರತ’ ಎನ್ನಿಸುವುದಿಲ್ಲ.

ಶೀಲಾ ಚಂದ್ರ ಈ ತೊಡಕನ್ನು ಬಗೆಹರಿಸಿದ್ದು ವಾದ್ಯಗಳನ್ನೆಲ್ಲ ಕೆಳಗಿಟ್ಟು. 1982ರಲ್ಲಿ ಮಾನ್ಸೂನ್ ತಂಡದೊಂದಿಗೆ ಅವರು ಹಾಡಿದ ‘ಎವರ್ ಸೋ ಲೋನ್ಲಿ’ ಬ್ರಿಟನ್ನಿನ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೇರಿತ್ತು. ಅದು ಸಿತಾರ್ ತಬಲಾಗಳ ಪಾಪ್ ಹಾಡು. 1992ರಿಂದ ರಿಯಲ್ ವರ್ಲ್ಡ್ ಸಂಸ್ಥೆಗಾಗಿ ಅವರು ಮಾಡಿದ ಮೂರು ಆಲ್ಬಂಗಳ ಜೀವ ಕಂಠ ಮತ್ತು ಶ್ರುತಿ. ಬ್ರಿಟನ್ ಮತ್ತು ಐರ್ಲೆಂಡಿನ ಹಳೆಯ ಹಾಡಿನ ಎಳೆಯೊಂದು ರಾಗದ ಆಲಾಪಕ್ಕೆ ಜಾರಿ, ಅಲ್ಲಿಂದ ಕೊನ್ನಕೋಲಿನ, ಅಂದರೆ ಬಾಯಲ್ಲಿ ನುಡಿಯುವ ತಾಳದ, ಜತಿಗಳಿಗೆ ಹೊರಳುವಾಗ ಗಡಿ ಎಲ್ಲಿ ದಾಟಿತೆಂದು ಹೇಳುವುದು ಕಷ್ಟ. ಹಾಡನ್ನು ನಾಲ್ಕು ನಿಮಿಷಕ್ಕೆ ಕತ್ತರಿಸುವ ಆತುರ ಅಲ್ಲಿಲ್ಲ. ಎರಡೂ ಸಂಪ್ರದಾಯಗಳಲ್ಲಿ ಸಮಾನವಾಗಿರುವುದು ಸ್ಥಿರ ಷಡ್ಜ ಮತ್ತು ಒಂಟಿ ದನಿ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಕಂಡವರು ಇಲ್ಲ ಎಂಬುದು ನನ್ನ ಅಭಿಪ್ರಾಯ. ಬಾಯಿ ಉರಿಯುವ ನರಸಂಬಂಧಿ ಕಾಯಿಲೆಯಿಂದಾಗಿ 2010ರ ಹೊತ್ತಿಗೆ ಅವರು ಹಾಡುವುದನ್ನೇ ನಿಲ್ಲಿಸಬೇಕಾಯಿತು.

ಇತ್ತೀಚಿನವರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಯಾರ್ಕ್‌ಸ್ಟನ್, ಇಂಗ್ಲಿಷ್ ಬಾಸ್ ವಾದಕ ಜಾನ್ ಥಾರ್ನ್ ಮತ್ತು ದೆಹಲಿಯ ಸಾರಂಗಿ ವಾದಕ ಸುಹೇಲ್ ಯೂಸುಫ್ ಖಾನ್ ಅವರ ಮೂವರ ತಂಡ ಬೇರೊಂದು ದಾರಿ ಹಿಡಿದಿದೆ. ಖಾನ್ ಅವರು ಉಸ್ತಾದ್ ಸಾಬ್ರಿ ಖಾನ್ ಅವರ ಮೊಮ್ಮಗ. ಮೂವರೇ ಇರುವುದರಿಂದ ಯಾರೂ ಯಾರ ಹಿಂದೆಯೂ ಅಡಗುವಂತಿಲ್ಲ; ಸಾರಂಗಿಗೆ ಹಾಡಿನ ನಡುವಿನ ಬಿಡುವಷ್ಟೇ ಅಲ್ಲ, ಇಡೀ ಹಾಡೇ ಸಿಗುತ್ತದೆ. ನವರಸಗಳನ್ನು ಹಿಡಿದು ಹೆಣೆದ 2020ರ ಆಲ್ಬಂನಲ್ಲಿ ರಾಬರ್ಟ್ ಬರ್ನ್ಸ್ ಕವಿಯ ಗೀತೆಯೂ ಸೂಫಿ ಪದಗಳೂ ಒಂದೇ ಉಸಿರಿನಲ್ಲಿ ಬರುತ್ತವೆ. ಬೆಂಗಳೂರಿನಲ್ಲಿ ಆರ್. ಆರ್. ಕೇಶವಮೂರ್ತಿಯವರ ಬಳಿ ಕಲಿತು ಲಂಡನ್ನಿನಲ್ಲಿ ನೆಲೆಸಿದ ಪಿಟೀಲು ವಾದಕಿ ಜ್ಯೋತ್ಸ್ನಾ ಶ್ರೀಕಾಂತ್ ಸ್ವೀಡನ್ನಿನ ಜಾನಪದ ಸಂಗೀತಗಾರರೊಂದಿಗೆ ಕಟ್ಟಿದ ‘ನಾರ್ಡಿಕ್ ರಾ‌ಗ’ವೂ ಇದೇ ಜಾಡಿನದು. ಅಲ್ಲಿ ಎರಡು ಬದಿಯಲ್ಲೂ ಪಿಟೀಲು ಇದೆ, ಹಿಡಿಯುವ ರೀತಿ ಮಾತ್ರ ಬೇರೆ.

ಸಂಗೀತದ ಮಾತು ಹೀಗಿದ್ದರೆ ರಾಜಕೀಯದ ಮಾತು ಅಷ್ಟು ನಯವಾಗಿಲ್ಲ. 2009ರ ಸುಮಾರಿಗೆ ಬ್ರಿಟಿಷ್ ನ್ಯಾಷನಲ್ ಪಾರ್ಟಿ ಎಂಬ ತೀವ್ರ ಬಲಪಂಥೀಯ ಪಕ್ಷ ಜಾನಪದ ಸಂಗೀತವನ್ನು ಶುದ್ಧ ಬಿಳಿಯ ಇಂಗ್ಲೆಂಡಿನ ಆಸ್ತಿ ಎಂಬಂತೆ ಬಳಸಲು ಹೊರಟಾಗ, ಅದೇ ಸಂಗೀತದ ಕಲಾವಿದರು ‘ಫೋಕ್ ಅಗೇನ್‌ಸ್ಟ್ ಫ್ಯಾಸಿಸಂ’ ಎಂದು ಒಟ್ಟಾಗಿ ತಮ್ಮ ಹಾಡುಗಳನ್ನು ಹಾಗೆ ಬಳಸುವುದನ್ನು ವಿರೋಧಿಸಿದರು. 2024ರ ಬೇಸಿಗೆಯಲ್ಲಿ ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಹತ್ಯೆಯಾದ ನಂತರ ಸುಳ್ಳುಸುದ್ದಿ ಹರಡಿ ವಲಸಿಗರು ತಂಗಿದ್ದ ಹೋಟೆಲುಗಳ ಮೇಲೂ ಮಸೀದಿಗಳ ಮೇಲೂ ದಾಳಿಗಳಾದವು. 2025ರ ಬೇಸಿಗೆಯಲ್ಲಿ ಊರೂರುಗಳ ದೀಪದ ಕಂಬಗಳಿಗೆ ಸಂತ ಜಾರ್ಜನ ಶಿಲುಬೆಯ ಬಾವುಟ ಕಟ್ಟುವ ಅಭಿಯಾನ ನಡೆಯಿತು. ಅದನ್ನು ಊರಿನ ಪ್ರೀತಿ ಎಂದವರೂ ಇದ್ದರು, ಬೆದರಿಕೆ ಎಂದವರೂ ಇದ್ದರು. ಇಂಥ ಹೊತ್ತಿನಲ್ಲಿ ಝೆಫಾನಿಯಾ ಮರುಹೇಳಿದ ‘ಟ್ಯಾಮ್ ಲಿನ್’ ಕತೆಯನ್ನು ಮತ್ತೆ ಕೇಳಬೇಕು. ಹಳೆಯ ಕಥನಗೀತೆಯಲ್ಲಿ ಯಕ್ಷಿಣಿಯರ ರಾಣಿಯ ಸೆರೆಯಲ್ಲಿರುವ ಪ್ರಿಯನನ್ನು ಹುಡುಗಿ ಬಿಗಿಯಾಗಿ ಅಪ್ಪಿ ಹಿಡಿಯುತ್ತಾಳೆ. ಅವನು ಹಾವಾಗಿ, ಸಿಂಹವಾಗಿ, ಉರಿಯುವ ಕೆಂಡವಾಗಿ ಬದಲಾದರೂ ಬಿಡುವುದಿಲ್ಲ, ಕೊನೆಗೆ ಅವನು ಮನುಷ್ಯನಾಗುತ್ತಾನೆ. ಝೆಫಾನಿಯಾ ಅವನನ್ನು ಆಶ್ರಯ ಬೇಡಿ ಬಂದ ವಲಸಿಗನನ್ನಾಗಿ ಮಾಡಿದರು. ಅಧಿಕಾರಿಗಳ ಕಣ್ಣಿಗೆ ಗಳಿಗೆಗೊಂದು ಮೃಗವಾಗಿ ಕಾಣುವವನನ್ನು ಮನುಷ್ಯನಾಗುವ ತನಕ ಹಿಡಿದುಕೊಳ್ಳುವುದು ಎಂಬ ಅರ್ಥ ಹಳೆಯ ಕತೆಯ ಒಳಗೇ ಇತ್ತು, ಹೊರಗಿನಿಂದ ತುರುಕಬೇಕಾಗಲಿಲ್ಲ.

ಆದರೂ ಇಂಥ ರೂಪಕಗಳನ್ನು ಅತಿಯಾಗಿ ನೆಚ್ಚುವುದು ಅಪಾಯ. ಆರಂಭದಲ್ಲಿ ಹೇಳಿದ ಸೈನಿಕನ ಹಾಡನ್ನು ಬಾಗಿಲಲ್ಲಿ ನಿಂತ ಪರದೇಶಿಯ ಹಾಡೆಂದು ಓದುವುದು ಸೊಗಸು, ಆದರೆ ಆ ಸೈನಿಕ ಒಳಗೆ ಬಂದು ಹುಡುಗಿಯನ್ನು ವಂಚಿಸಿ ಹೋಗುವವನು. ಅದನ್ನು ಹಿಡಿದು ವಿರೋಧಿಗಳು ತಮಗೆ ಬೇಕಾದ ಅರ್ಥ ತೆಗೆಯಬಲ್ಲರು. ಆ ಆಲ್ಬಂನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಸೆಕ್ಸಿನ ಕಾಪರ್ ಕುಟುಂಬದ ಮಾತು: ಅಜ್ಜ ಬೆಟ್ಟದ ಮೇಲೆ ನಿಂತು, ತಾನು ಉತ್ತ ಹೊಲಗಳ ಜಾಗದಲ್ಲಿ ಈಗ ಮನೆ, ಮನೆ, ಬರೀ ಮನೆ ಎಂದು ಹಲುಬುವುದು. ಬೆಂಗಳೂರಿನ ಸುತ್ತಲ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳ್ಳಿಯನ್ನು ಕಳೆದುಕೊಂಡವರಲ್ಲಿ ವಲಸೆ ಬಂದವರಷ್ಟೇ ಅಲ್ಲ, ಅಲ್ಲಿಂದ ಎಲ್ಲಿಗೂ ಹೋಗದೆ ಉಳಿದವರೂ ಇದ್ದಾರೆ ಎಂಬುದನ್ನು ಆ ಆಲ್ಬಂ ಮರೆಮಾಚುವುದಿಲ್ಲ.

ತಂಡ 2010ರಲ್ಲಿ ಎರಡನೆಯ, 2012ರಲ್ಲಿ ಮೂರನೆಯ ಆಲ್ಬಂ ತಂದಿತು. ಮೂರನೆಯದರ ಶೀರ್ಷಿಕೆ ರಚನೆ ‘ಬೆಂಡಿಂಗ್ ದ ಡಾರ್ಕ್’ ಶೀಮಾ ಮುಖರ್ಜಿಯವರದ್ದು, ದೀರ್ಘವಾದದ್ದು. ಎರಡು ನುಡಿಗಳ ನಡುವಿನ ಬಿಡುವಿನಲ್ಲಿ ನುಡಿಸುತ್ತಿದ್ದ ವಾದ್ಯ ಅಲ್ಲಿ ಕೃತಿಯ ನಡೆಯನ್ನೇ ನಿರ್ಧರಿಸುತ್ತದೆ. ನನ್ನ ಅಳತೆಗೋಲಿಗೆ ನಿಲ್ಲುವುದು ಅದು. ಆ ಬಳಿಕ ತಂಡದಿಂದ ಹೊಸ ಆಲ್ಬಂ ಬರಲಿಲ್ಲ. ಹತ್ತು ಮಂದಿಯ ತಂಡವನ್ನು ಊರಿಂದೂರಿಗೆ ಒಯ್ಯುವ ಖರ್ಚನ್ನು ಲೆಕ್ಕ ಹಾಕಿದವರಿಗೆ ಇಂಥ ತಂಡಗಳು ಏಕೆ ಮೂವರಿಗೆ, ಇಬ್ಬರಿಗೆ ಇಳಿಯುತ್ತವೆ ಎಂಬುದು ತಿಳಿಯುತ್ತದೆ. ಹಾಗೆಂದು ಪ್ರಶ್ನೆ ನಿಂತಿಲ್ಲ: 2022ರಲ್ಲಿ ಆಂಜಲೀನ್ ಮಾರಿಸನ್ ಬ್ರಿಟನ್ನಿನ ಕಪ್ಪು ಜನರ ಇತಿಹಾಸವನ್ನು ಜಾನಪದ ಶೈಲಿಯ ಹೊಸ ಹಾಡುಗಳಲ್ಲಿ ಕಟ್ಟಿಕೊಟ್ಟಾಗ ಆ ಆಲ್ಬಂ ಅನ್ನು ನಿರ್ಮಿಸಿದವರು ಎಲೈಜಾ ಕಾರ್ಥಿ.

ಇಷ್ಟೆಲ್ಲ ಚರ್ಚೆಯ ನಡುವೆ ಒಂದು ಕೂಡಿಕೆ ಯಾರ ಗಮನಕ್ಕೂ ಬಾರದೆ ನಡೆದುಹೋಗಿದೆ. 1930ರ ದಶಕದಲ್ಲಿ ದೆಹಲಿಯ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಮ್ಯಾಂಚೆಸ್ಟರಿನ ಸಂಯೋಜಕ ಭಾರತೀಯ ವಾದ್ಯಗಳ ವೃಂದವೊಂದನ್ನು ಕಟ್ಟಲು ಹೆಣಗಿ, 1939ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡರು. ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಸಲ್ಲದು ಎಂದು ವಾದಿಸಿದವರಲ್ಲಿ ಅವರೂ ಒಬ್ಬರು, ಮತ್ತು 1940ರಿಂದ ಮೂರು ದಶಕ ಆಕಾಶವಾಣಿ ಆ ವಾದ್ಯವನ್ನು ನಿಷೇಧಿಸಿತ್ತು. ಯುರೋಪಿನಲ್ಲಿ ಹುಟ್ಟಿದ ಹಾರ್ಮೋನಿಯಂ ಇಲ್ಲಿಗೆ ಬಂದು, ಒತ್ತುವ ಕೀಲಿಗಳನ್ನೆಲ್ಲ ಕಳಚಿಕೊಂಡು, ತಿದಿ ಮತ್ತು ಮೂರು ನಾಲ್ಕು ಸ್ವರಗಳಷ್ಟೇ ಉಳಿದು ಶ್ರುತಿ ಪೆಟ್ಟಿಗೆಯಾಯಿತು. ಈಗ ಬ್ರಿಟನ್ನಿನ ಅನೇಕ ಜಾನಪದ ಗಾಯಕರು, ಸ್ಕಾಟ್ಲೆಂಡಿನ ಕರೀನ್ ಪೋಲ್‌ವರ್ಟ್ ಅವರಂಥವರೂ, ವೇದಿಕೆಗೆ ಹೊತ್ತು ತರುವುದು ಆ ಪೆಟ್ಟಿಗೆಯನ್ನು. ಜಾನ್ ಇಂಗ್ಲೆಂಡ್ ತೋಟದಲ್ಲಿ ಬರಿದನಿಯಲ್ಲಿ ಹಾಡಿದಂಥ ಹಾಡನ್ನು ಗಾಯಕಿಯೊಬ್ಬಳು ಎತ್ತಿಕೊಳ್ಳುತ್ತಾಳೆ, ಎಡಗೈ ನಿಧಾನವಾಗಿ ತಿದಿಯನ್ನು ಒತ್ತುತ್ತದೆ, ಷಡ್ಜ ಪಂಚಮಗಳು ಕೆಳಗೆ ಹರಿಯುತ್ತಿರುತ್ತವೆ. ಕೇಳುತ್ತ ಕುಳಿತವರಲ್ಲಿ ಒಬ್ಬರಿಗೂ ಇದು ಭಾರತದ್ದಿರಬಹುದೇ ಎಂಬ ಅನುಮಾನ ಬರುವುದಿಲ್ಲ.